ಹೊಸದಾಗಿ ಮಾಡಿದ ಹಳೆಯ ಕೋವಿ

ಸುಬೇದಾರ್ ಮಾವನವರಿಗೆ, ನಿಮ್ಮ ಸೊಸೆ ಗಿರಿಜಾ ತಲೆ ಎತ್ತಿಕೊಂಡೇ ಮಾಡುವ ನಮಸ್ಕಾರ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಬಗ್ಗಿ ಕಾಲು ಮುಟ್ಟಲು ಹೋದರೆ "ನೆಟ್ಟಗೆ ನಿಲ್ಲು ಮಾರಾಯ್ತಿ, ನಿನ್ನ ಮುಖ ಕಾಣಬೇಕು" ಎಂದಿದ್ದವರು ನೀವು. ಆ ಅಪ್ಪಣೆಯನ್ನು ಇವತ್ತಿಗೂ ಮೀರಿಲ್ಲ. ಒಂದೇ ಮನೆಯಲ್ಲಿದ್ದವರಿಗೆ ಕಾಗದ ಬರೆಯುವ ಪ್ರಸಂಗ ಬರಲಿಲ್ಲ. ಈಗ ಬಂದಿದೆ, ಅದೂ ಸಿಟ್ಟಿನಿಂದ. ಸಿಟ್ಟು ನಿಮ್ಮ ಮೇಲಲ್ಲ, ಗಾಬರಿಯಾಗಬೇಡಿ.

ಕಳೆದ ವಾರ, ಇಲ್ಲಿನ ಕೊಡವರಲ್ಲಿ ಹಿರಿಯರಾದ ಬೆಳ್ಳಿಯಪ್ಪನವರು ಫೋನ್ ಮಾಡಿದ್ದರು. ಈ ಸೆಪ್ಟೆಂಬರಿನ ಕೈಲ್‌ಪೊಳ್ದ್ ಸನ್ನಿವೇಲ್‌ನಲ್ಲಿ ಅವರ ಮನೆಯಲ್ಲೇ. ಅಮೆರಿಕದ ಈ ಬೇ ಏರಿಯಾದಲ್ಲಿರುವ ಕೊಡವ ಕುಟುಂಬಗಳೆಲ್ಲ ತಮ್ಮ ತಮ್ಮ ಕೋವಿ ತಂದು ದೀಪದ ಮುಂದೆ ಸಾಲಾಗಿ ಇಟ್ಟು ಪೂಜೆ ಮಾಡುವ ಹಬ್ಬ, ನಿಮಗೆ ನಾನು ಹೇಳಬೇಕೇ? ಅವರು ಬಹಳ ನಯವಾಗಿ ಶುರುಮಾಡಿದರು. "ಗಿರಿಜಾ, ಬೇಜಾರು ಮಾಡ್ಕೋಬೇಡಮ್ಮ. ನೀವು ಬನ್ನಿ, ಊಟ ಮಾಡ್ಕೊಂಡು ಹೋಗಿ. ಆದ್ರೆ ಆ ಕೋವಿ ತರಬೇಡಿ. ಅದು ನಕಲಿ, ಅಂಗಡಿ ಮಾಲು. ಸಾಲಿನಲ್ಲಿ ಅಸಲಿ ಕೋವಿ ಇರಬೇಕು." ಕಾರಣ ಇಷ್ಟೇ ಅಲ್ಲ, ಇನ್ನೊಂದಿದೆ. ಅದು ನಿಮಗೆ ಗೊತ್ತಿಲ್ಲದ ಸುದ್ದಿ, ಕೊನೆಗೆ ಹೇಳುತ್ತೇನೆ. ನಮ್ಮ ಕೋವಿಗೆ ಆ ಸಾಲಿನಲ್ಲಿ ಜಾಗ ಇದೆಯೋ ಇಲ್ಲವೋ ಎಂಬುದಷ್ಟೇ ಈಗಿನ ಜಗಳ. ಇದೆ ಎಂದು ನಾನು ಹೇಳುತ್ತೇನೆ. ಹೇಗೆ ಇದೆ ಎಂದು ಕೇಳಿದರೆ ನನ್ನ ಬಳಿ ನಿಮ್ಮ ನೆನಪುಗಳ ಹೊರತು ಬೇರೆ ಸಾಕ್ಷಿ ಇಲ್ಲ.

ಆ ಭಾನುವಾರ ನೆನಪಿದೆಯೇ? ಅತ್ತೆ ತೀರಿಕೊಂಡ ಮೇಲೆ ನಿಮ್ಮ ಮಗ ನಿಮ್ಮನ್ನು ಇಲ್ಲಿಗೆ ಕರೆಸಿಕೊಂಡಿದ್ದ. ದಿನಾ ಬೆಳಗ್ಗೆ ಶೇವ್ ಮಾಡಿ, ಇಸ್ತ್ರಿ ಪ್ಯಾಂಟು ಹಾಕಿ, ಶೂ ಪಾಲಿಶ್ ಮಾಡಿಕೊಂಡು, ಎಲ್ಲಿಗೂ ಹೋಗುವುದಿಲ್ಲದೆ ಸೋಫಾದ ಮೇಲೆ ಕೂರುತ್ತಿದ್ದಿರಿ. ಪೇಪರಿನಲ್ಲಿ ಡೇಲಿ ಸಿಟಿಯ ಬಂದೂಕು ಮೇಳದ ಜಾಹೀರಾತಿನ ಮೇಲೆ ನೀವು ಬೆರಳಿಟ್ಟುಕೊಂಡು ಕೂತಿದ್ದನ್ನು ಕಂಡು, "ಏಳ್ರಿ ಮಾವಾರ, ಹೋಗೂಣು" ಎಂದೆ. ಮಗ ಚಿಪ್ ಕಂಪನಿಯ ಆಫೀಸಿಗೆ ಹೋಗಿದ್ದ. ಅವನಿಗೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ಹೊಸದಾಗಿ ಕಟ್ಟಿದ ಡಂಬಾರ್ಟನ್ ಸೇತುವೆ ದಾಟಿ ಫ್ರೀವೇ ಹಿಡಿದೆವು. ದಾರಿಯುದ್ದಕ್ಕೂ ನೀವು ನನಗೆ ಲೇನ್ ಬದಲಿಸುವ ಆರ್ಡರು ಕೊಡುತ್ತಿದ್ದಿರಿ, ಒಂದನ್ನೂ ನಾನು ಕೇಳಲಿಲ್ಲ.

ಮೇಳದ ಸಭಾಂಗಣದೊಳಗೆ ಮೊದಲು ಸಿಕ್ಕಿದ್ದು ತ್ರೀ-ನಾಟ್-ತ್ರೀ. ಬರ್ಮಾದಲ್ಲಿ ನೀವು ಹೊತ್ತಿದ್ದ ಅದೇ ಜಾತಿಯ ರೈಫಲ್ಲು, ಯಾವುದೋ ಸೈನ್ಯದಿಂದ ಹರಾಜಿಗೆ ಬಂದದ್ದು, ಅಸಲಿ. ಮರದ ಮೇಲೆ ಯಾರೋ ಚಾಕುವಿನಿಂದ ಸಣ್ಣ ಸಣ್ಣ ಗೀರು ಹಾಕಿದ್ದರು, ಕೊಂದವರ ಲೆಕ್ಕ ಇಟ್ಟ ಹಾಗೆ. ನೀವು ಆ ಗೀರುಗಳ ಮೇಲೆ ಹೆಬ್ಬೆರಳು ಆಡಿಸಿ ಕೈ ಹಿಂದಕ್ಕೆ ತೆಗೆದುಕೊಂಡಿರಿ. ಕೊಳ್ಳೋಣವೇ ಎಂದು ಕೇಳಿದ್ದಕ್ಕೆ ನೀವು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಬೇಡ. ಇದು ಕೆಲಸ ಮಾಡಿದ ಕೋವಿ. ಇದರ ಕೆಲಸ ಎಂಥದ್ದು ಅಂತ ನನಗೆ ಗೊತ್ತುಂಟು." ಮುಂದಕ್ಕೆ ಹೋಗಿಬಿಟ್ಟಿರಿ. ಬೆಳ್ಳಿಯಪ್ಪನವರ ಅಸಲಿ ಎಂಬ ಮಾತು ಬಂದಾಗಲೆಲ್ಲ ನನಗೆ ಆ ಗೀರುಗಳೇ ಕಣ್ಣಿಗೆ ಬರುತ್ತವೆ. ಅವರು ಆ ಗೀರು ಎಣಿಸಿ ಪೂಜೆ ಮಾಡುತ್ತಾರೇನು?

ನೀವು ನಿಂತದ್ದು ಹ್ಯಾಂಕ್‌ನ ಮೇಜಿನ ಮುಂದೆ. ಬಿಳಿ ಗಡ್ಡ, ಎಡಗಾಲು ಸ್ವಲ್ಪ ಎಳೆದು ನಡೆಯುವ ಆ ಮನುಷ್ಯ ಇಟಲಿಯಲ್ಲಿ ಹೊಸದಾಗಿ ಮಾಡಿದ ಹಳೆಯ ಕಾಲದ ಮಿಲಿಟರಿ ಕೋವಿಗಳನ್ನು ಮಾರುತ್ತಿದ್ದ. ಎಲ್ಲವೂ ನಳಿಗೆಯ ಬಾಯಿಂದ ಮದ್ದು ಸುರಿದು, ಗಜವೆಂಬ ಉದ್ದ ಕಡ್ಡಿಯಿಂದ ಅದುಮಿ, ಕಿಡಿ ಹೊತ್ತಿಸುವ ಕೇಪು ಇಟ್ಟು ಹೊಡೆಯುವಂಥವು. ಅಳತೆಗೆ ಅಳತೆ, ಸ್ಕ್ರೂಗೆ ಸ್ಕ್ರೂ ಹಳೆಯದರಂತೆ. ವಾಲ್‌ನಟ್ ಮರ ಎಣ್ಣೆ ಹಚ್ಚಿ ತಿಕ್ಕಿದ್ದು, ಬುಡಕ್ಕೆ ಬಿಗಿದ ಹಿತ್ತಾಳೆಯ ಪಟ್ಟಿ ಫಳಫಳ. ಸುತ್ತ ನೆರೆದಿದ್ದ ಗಂಡಸರು ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿ ನೋಡುತ್ತಿದ್ದರು. ನನಗೆ ನಗು ಬಂತು. ನನ್ನ ನಾಲಿಗೆ ಗೊತ್ತಲ್ಲ, ನೇರವಾಗಿ ಕೇಳಿಯೇಬಿಟ್ಟೆ: ಪಕ್ಕದ ಮೇಜಿನಲ್ಲಿ ನಿಜವಾದದ್ದೇ ಸಿಗುವಾಗ ಜನ ಈ ನಕಲನ್ನು ಯಾಕೆ ಕೊಳ್ಳುತ್ತಾರೆ?

ಹ್ಯಾಂಕ್ ಸಿಟ್ಟಾಗಲಿಲ್ಲ. ತಾನು ವಿಯೆಟ್ನಾಂಗೆ ಹೋಗಿ ಬಂದವನು ಎಂದ. ಹಳೆಯದನ್ನು ಕೊಂಡರೆ ಅದರ ಕಥೆಯನ್ನೂ ಕೊಂಡ ಹಾಗೆ, ಆ ಕಥೆಯಲ್ಲಿ ಯಾರು ಯಾರು ಸತ್ತರೋ ಗೊತ್ತಿಲ್ಲ. ಇದಕ್ಕೆ ಆ ಹಳೆಯ ರೂಪವಿದೆ, ಹಳೆಯ ತೂಕವಿದೆ, ಕಥೆ ಮಾತ್ರ ಇನ್ನೂ ಶುರುವಾಗಿಲ್ಲ ಎಂದ. ಮತ್ತೆ, ಹಳೆಯದನ್ನು ಗೋಡೆಗೆ ನೇತುಹಾಕಬೇಕು, ಹೊಡೆದರೆ ಸಿಡಿದೀತು. ಇದನ್ನು ಹೆಗಲಿಗಿಟ್ಟು ಹೊಡೆಯಬಹುದು, ಮುತ್ತಜ್ಜನಿಗೆ ಕೇಳಿಸಿದ ಸದ್ದೇ ನಿನಗೂ ಕೇಳಿಸುತ್ತದೆ ಎಂದ. ಅವನ ಇಂಗ್ಲಿಷು ನಿಮಗೆ ಪೂರ್ತಿ ಹತ್ತಲಿಲ್ಲವೇನೋ ಎಂದು ನಾನು ಕನ್ನಡದಲ್ಲಿ ಹೇಳಲು ತಿರುಗಿದರೆ, ನೀವು ಆಗಲೇ ಒಂದನ್ನು ಕೈಗೆ ತೆಗೆದುಕೊಂಡಿದ್ದಿರಿ. ನಿಮ್ಮ ಬೆನ್ನು ನೆಟ್ಟಗಾಗಿತ್ತು. ಸೋಫಾದ ಮುದುಕ ಎಲ್ಲಿ ಹೋದನೋ…

ವಾಪಸ್ ಬರುವಾಗ ಕಾರಿನಲ್ಲಿ ನೀವು ಐನ್‌ಮನೆಯ ಕೋವಿಯ ಮಾತು ತೆಗೆದಿರಿ. ಇಡೀ ಒಕ್ಕದ, ಎಂದರೆ ಮನೆತನದ, ಮೂಲಮನೆಯಲ್ಲಿ, ದೀಪದ ಪಕ್ಕ ಇಟ್ಟಿರುವ ಆ ಕೇಪಿನ ಕೋವಿ ಇದೇ ತರದ್ದಂತೆ. ನಿಮ್ಮ ಅಜ್ಜನ ಅಜ್ಜನ ಕಾಲದ್ದು. ವರ್ಷಕ್ಕೊಮ್ಮೆ ಕೈಲ್‌ಪೊಳ್ದ್ ದಿನ ಗಂಧ ಹಚ್ಚಿ, ಹೂ ಮುಡಿಸಿ, ಸಾಲಿನಲ್ಲಿ ನಿಂತ ಗಂಡಸರ ಕೈಗೆ ಒಂದು ಗಳಿಗೆ ಕೊಟ್ಟು ವಾಪಸ್ ತೆಗೆದುಕೊಳ್ಳುತ್ತಿದ್ದರಂತೆ. ನೀವು ಕಿರಿಯ ಕವಲಿನವರು, ನಿಮ್ಮ ಸರದಿ ಬರುವಷ್ಟರಲ್ಲಿ ಅಕ್ಕಿತರಿಯ ಕಡುಂಬುಟ್ಟು ಬೇಯುವ ವಾಸನೆಗೆ ಎಲ್ಲರ ಮನಸ್ಸೂ ಊಟದ ಕಡೆ. ನಳಿಗೆಗೆ ತುಕ್ಕು, ಮರಕ್ಕೆ ಬಿರುಕು; ನೀವು ಹುಟ್ಟುವ ಮುಂಚೆಯೇ ಅದನ್ನು ಹೊಡೆಯುವುದು ನಿಂತಿತ್ತು. "ಅದರ ಸ್ವರ ಹೇಗಿತ್ತು ಅಂತ ನಮ್ಮಲ್ಲಿ ಒಬ್ಬನಿಗೂ ಗೊತ್ತಿಲ್ಲ, ಗಿರಿಜಾ" ಎಂದಿರಿ. ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿಕೊಂಡು ಇಟಲಿಯ ಕೋವಿ ಮಲಗಿತ್ತು. ಕೊಂಡದ್ದಕ್ಕೆ ನಿಮಗೂ ನನಗೂ ಒಂದಿಷ್ಟೂ ಪಶ್ಚಾತ್ತಾಪ ಇರಲಿಲ್ಲ.

ಮನೆಗೆ ಬಂದಾಗ ಮಗನ ಮುಖ ನೋಡಬೇಕಿತ್ತು! ನೀವು ನೋಡಿದಿರಿ, ನೋಡಿ ಗೋಡೆಯ ಕಡೆ ತಿರುಗಿ ನಕ್ಕಿರಿ. "ಅಪ್ಪಾ, ಇದು ಅಪಾರ್ಟ್‌ಮೆಂಟು. ನೈಬರ್ಸ್ ಏನಂದ್ಕೋತಾರೆ? ಅದೂ ಹೋಗಿ ಹೋಗಿ ರೆಪ್ಲಿಕಾ! ಆಟದ ಸಾಮಾನು ಇದು" ಎಂದ. ನೀವು ಒಂದೇ ಮಾತು ಹೇಳಿದಿರಿ: "ನೀನು ಆಫೀಸಿಂದ ಬರುವಾಗ ಆಟದ ಸಾಮಾನು ತರುವುದಿಲ್ಲವಾ? ಆ ಟಿವಿಗೆ ಸಿಕ್ಕಿಸಿ ರಾತ್ರಿಯೆಲ್ಲ ಕುಟ್ಟುತ್ತೀಯಲ್ಲ, ಅದೆಂಥದ್ದು?" ಕೋವಿ ಬಟ್ಟೆಯ ಕ್ಲಾಸೆಟ್ಟಿನ ಹಿಂಬದಿಗೆ ಹೋಯಿತು, ನನ್ನ ರೇಷ್ಮೆ ಸೀರೆಗಳ ಪಕ್ಕ.

ಮರುದಿನ ನೀವು ಸ್ನಾನಕ್ಕೆ ಹೋದಾಗ ನಾನು ಅದನ್ನು ಹೊರಗೆ ತೆಗೆದು ನೋಡಿದೆ. ಫ್ಯಾಕ್ಟರಿಯಲ್ಲಿ ಬೋರ್ಡುಗಳನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಬೆಸುಗೆಯ ದೋಷ ಹುಡುಕುವುದು ನನ್ನ ಕೆಲಸ, ಸಂಬಳ ಕೊಡುವುದೇ ತಪ್ಪು ಹುಡುಕಿದ್ದಕ್ಕೆ. ಆ ಕಣ್ಣಿನಿಂದಲೇ ನೋಡಿದೆ. ಮರ ಮತ್ತು ಕಬ್ಬಿಣ ಕೂಡುವ ಜಾಗದಲ್ಲಿ ಕೂದಲು ತೂರಿಸಲೂ ಸಂದಿಲ್ಲ. ಕೇಪಿನ ಮೇಲೆ ಬಡಿಯುವ ಕುದುರೆಯನ್ನು ಹಿಂದಕ್ಕೆಳೆದರೆ ಟಕ್ ಟಕ್ ಎಂದು ಎರಡು ಹಂತದಲ್ಲಿ ಕೂರುತ್ತದೆ. ಇದನ್ನು ಮಾಡಿದವನು ಯಾರೋ ಆಸೆಪಟ್ಟು ಮಾಡಿದ್ದಾನೆ ಎಂದು ಗೊತ್ತಾಯಿತು. ನನಗೆ ಬಂದೂಕು ಎಂದರೆ ಆಗದು, ಧಾರವಾಡದ ನಮ್ಮ ಮನೆಯಲ್ಲಿ ಇಲಿ ಬೋನು ಇಡುವುದಕ್ಕೂ ಅವ್ವ ಒಪ್ಪುತ್ತಿರಲಿಲ್ಲ. ಆದರೆ ಮಾವನವರೇ, ಚೆಂದ ಎನ್ನುವುದು ಚೆಂದವೇ. ಆ ಕೋವಿ ಚೆಂದವಿತ್ತು, ನನ್ನ ಕಣ್ಣು ಸುಳ್ಳು ಹೇಳುವುದಿಲ್ಲ.

ಆ ವರ್ಷದ ಕೈಲ್‌ಪೊಳ್ದ್ ನಮ್ಮ ಮನೆಯಲ್ಲೇ ಆಯಿತು. ಹಂದಿ ಸಾರು ನೀವು ಮಾಡಿದಿರಿ, ಕಡುಂಬುಟ್ಟು ನಾನು ಕಟ್ಟಿದೆ. ಒಲೆಯ ಮುಂದೆ ನಮ್ಮ ಗಡಿ ಯಾವಾಗಲೂ ಅಷ್ಟೇ. ಊರಿನಲ್ಲಿ ಆ ದಿನ ಕೋವಿಯ ಬಾಯಿಗೆ ಇಡುವ ತೋಕ್‌ಪೂ ಎಂಬ ಹೂ ಇಲ್ಲಿ ಎಲ್ಲಿಂದ ತರಬೇಕು? ಕೆಳಗಿನ ಮನೆಯ ಪೋರ್ಚುಗೀಸ್ ಮುದುಕಿಯ ಕುಂಡದಿಂದ ಸಣ್ಣ ಚೆಂಡುಹೂ ಕೇಳಿ ತಂದೆ. ಬೆಳ್ಳಿಯಪ್ಪನವರು ಕಪ್ಪು ನಿಲುವಂಗಿ ಕುಪ್ಯ ಹಾಕಿಕೊಂಡು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡು ಬಂದರು. ಕೋವಿಯನ್ನು ಕಂಡು ಹುಬ್ಬು ಗಂಟಿಕ್ಕಿ ಹತ್ತಿರದಿಂದ ನೋಡಿದರು. ಇಟಲಿಯ ಮುದ್ರೆ ಕಣ್ಣಿಗೆ ಬಿತ್ತು.

"ಮುತ್ತಣ್ಣ, ಇದು ನಕಲಿ ಅಲ್ವಾ? ಇದಕ್ಕೆ ಗಂಧ ಹಚ್ಚೋದಾ? ಹಿರಿಯರು ನಗ್ತಾರೆ" ಎಂದರು.

"ನಗಲಿ" ಎಂದಿರಿ ನೀವು, ಗಂಧ ತೇಯುವುದನ್ನು ನಿಲ್ಲಿಸದೆ. "ಅವರು ನಕ್ಕು ಎಷ್ಟು ಕಾಲವಾಯಿತೋ."

ಅವರು ಅಷ್ಟಕ್ಕೇ ಬಿಡಲಿಲ್ಲ. ಊಟಕ್ಕೆ ಕೂತಾಗ, ನನಗೂ ಪಕ್ಕದಲ್ಲಿದ್ದ ನಿಮಗೂ ಕೇಳುವಷ್ಟು ಮೆಲ್ಲಗೆ, "ಕೋವೀನೂ ನಮ್ಮದಲ್ಲ, ಸೊಸೇನೂ ನಮ್ಮೋಳಲ್ಲ" ಎಂದರು. ನಾನು ಹಿಂದೆ ನೆರಿಗೆ ಹಾಕಿ ಕೊಡವ ಸೀರೆ ಉಟ್ಟು, ಅವರ ತಟ್ಟೆಗೆ ಕಡುಂಬುಟ್ಟು ಬಡಿಸುತ್ತಿದ್ದೆ. ನೀವು ಎದ್ದು ನಿಂತು ಬಡಿಸುವ ಚಮಚ ನನ್ನ ಕೈಯಿಂದ ತೆಗೆದುಕೊಂಡು, "ನೀನು ಕೂತ್ಕೋ. ಇವರಿಗೆ ನಾನು ಬಡಿಸುತ್ತೇನೆ" ಎಂದಿರಿ. ನನ್ನ ಪರವಾಗಿ ಯಾರಾದರೂ ಎದ್ದು ನಿಂತದ್ದು ನನ್ನ ಜನ್ಮದಲ್ಲಿ ಅದೇ ಮೊದಲು, ಮಾವನವರೇ. ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಅದಾದ ಮೇಲೆ ಒಂದು ದಿನ ಲಿವರ್‌ಮೋರ್‌ಗೆ ಹೋಗಿದ್ದೆವು, ಹೊಸ ದೇವಸ್ಥಾನ ಕಟ್ಟುವುದನ್ನು ನೋಡಲು. ಊರಿನಿಂದ ಬಂದ ಶಿಲ್ಪಿಗಳು ಸಿಮೆಂಟಿನಲ್ಲಿ ಯಾಳಿ, ದ್ವಾರಪಾಲಕ, ಕಲಶ ಎಲ್ಲವನ್ನೂ ಹಳೆಯ ಗುಡಿಗಳ ಲೆಕ್ಕದಲ್ಲೇ ಮಾಡುತ್ತಿದ್ದರು. ಬೆಳ್ಳಿಯಪ್ಪನವರೂ ಅಲ್ಲಿ ಸಿಕ್ಕರು, ಕೈ ಮುಗಿದು ಕಣ್ಣು ಒದ್ದೆ ಮಾಡಿಕೊಂಡಿದ್ದರು. ನಿನ್ನೆ ಮೊನ್ನೆ ಹಾಕಿದ ಸಿಮೆಂಟು, ಸಾವಿರ ವರ್ಷದ ರೂಪ. ಅಲ್ಲಿ ಅವರಿಗೆ ಯಾವ ನಕಲೂ ಕಾಣಲಿಲ್ಲವಲ್ಲ? ನಾನು ಕೇಳಲು ಬಾಯಿ ತೆರೆದೆ. ನೀವು ನನ್ನ ಮೊಣಕೈ ಹಿಡಿದು ಕಾರಿನ ಕಡೆ ನಡೆಸಿದಿರಿ. ಅವತ್ತು ನುಂಗಿಕೊಂಡ ಪ್ರಶ್ನೆಯನ್ನು ಕಳೆದ ವಾರ ಫೋನಿನಲ್ಲಿ ಕೇಳಿದೆ. ಆ ಕಡೆಯಿಂದ ಕೆಮ್ಮು ಬಂತು.

ರೇಂಜಿಗೆ ಹೋದ ಮೊದಲ ದಿನವನ್ನು ನೆನೆಸಿಕೊಂಡರೆ ಇವತ್ತಿಗೂ ಒಬ್ಬಳೇ ನಗುತ್ತೇನೆ. ಹ್ಯಾಂಕ್ ಗುಡ್ಡದ ನಡುವಿನ ಆ ಗುರಿ ಅಭ್ಯಾಸದ ಮೈದಾನದ ಉಸ್ತುವಾರಿ ಕೂಡ ಅಲ್ಲವೇ? ಗೇಟಿನಲ್ಲಿ ನಮ್ಮ ಕೋವಿ ತೆಗೆದುಕೊಂಡು, ಪದ್ಧತಿಯಂತೆ ನಳಿಗೆಯೊಳಗೆ ಗಜ ಇಳಿಸಿ ನೋಡಿದ. ಗಜ ತಳದವರೆಗೆ ಇಳಿಯಲೇ ಇಲ್ಲ. ಇಳಿಯದಿದ್ದರೆ ಒಳಗೆ ಮದ್ದು ಗುಂಡು ಇದೆ ಎಂದೇ ಅರ್ಥ! ಅವನ ಮುಖ ಬಿಳಿಚಿತು. "ಸೀಸ್ ಫೈರ್!" ಎಂದು ಕೂಗಿದ. ಸಾಲಿನಲ್ಲಿದ್ದವರೆಲ್ಲ ಕೋವಿ ಕೆಳಗಿಟ್ಟು ಹಿಂದಕ್ಕೆ ಸರಿದರು. ತುಂಬಿದ ಕೋವಿಯನ್ನು ಕಾರಿನಲ್ಲಿ ಹಾಕಿಕೊಂಡು ಬಂದಿದ್ದೀರಾ ಎಂದು ಅವನು ನಿಮ್ಮನ್ನು, ಸುಬೇದಾರ್ ಮುತ್ತಣ್ಣನವರನ್ನು, ಸೈನ್ಯಕ್ಕೆ ಹೊಸದಾಗಿ ಸೇರಿದ ರಂಗರೂಟನನ್ನು ಗದರಿದ ಹಾಗೆ ಗದರಿದ. ನೀವು ಕೆಂಪಗಾಗಿ ಅಟೆನ್ಶನ್ನಿನಲ್ಲಿ ನಿಂತಿದ್ದಿರಿ. ಕೊನೆಗೆ ತುದಿಯಲ್ಲಿ ಸುರುಳಿ ಇರುವ ಕಡ್ಡಿ ತಿರುಗಿಸಿ ತಿರುಗಿಸಿ ಹೊರಗೆಳೆದರೆ ಬಂದದ್ದೇನು? ಬಾಡಿದ ಚೆಂಡುಹೂ, ಒಂದಿಷ್ಟು ಅಕ್ಷತೆ, ಗಂಧದ ಹೆಂಟೆ.

ಪೂಜೆಯಲ್ಲಿ ಬಾಯಿಗೆ ಹೂ ಇಡು ಎಂದಿದ್ದಿರಿ, ಇಟ್ಟಿದ್ದೆ. ಬೀಳಬಾರದೆಂದು ಬೆರಳಿನಿಂದ ಒಳಕ್ಕೂ ತಳ್ಳಿದ್ದೆ. ತೋಕ್‌ಪೂ ಆಗಿದ್ದರೆ ಉದ್ದ ದಂಟು ಹೊರಗೆ ನಿಲ್ಲುತ್ತಿತ್ತಂತೆ, ಚೆಂಡುಹೂ ಮುಗ್ಧವಾಗಿ ತಳಕ್ಕೆ ಇಳಿದಿತ್ತು. ನಿಮಗೂ ತೆಗೆಯಲು ಮರೆತಿತ್ತು, ಊರಿನ ಕೋವಿ ಎಂದೂ ಹೊಡೆಯುವುದಲ್ಲವಾದ್ದರಿಂದ ತೆಗೆದು ಅಭ್ಯಾಸವೇ ಇರಲಿಲ್ಲ! ನಾನು ಹ್ಯಾಂಕ್‌ಗೆ ಇಡೀ ಹಬ್ಬದ ಕಥೆ ಹೇಳಿದೆ. ಅವನು ಅಂಗೈಯಲ್ಲಿ ಆ ಹೂ ಹಿಡಿದುಕೊಂಡು ಕೇಳಿದ, ಆಮೇಲೆ ಮೈದಾನವೆಲ್ಲ ಕೇಳುವ ಹಾಗೆ ನಕ್ಕ. ಅಲ್ಲಿಂದ ಮುಂದೆ ನಾವು ಗೇಟಿಗೆ ಹೋದರೆ ಸಾಕು, "ಗುಂಡು ಇದೆಯಾ" ಎಂದು ಕೇಳುತ್ತಿರಲಿಲ್ಲ, "ಹೂ ಇದೆಯಾ" ಎನ್ನುತ್ತಿದ್ದ.

ನಿಮ್ಮ ಮೊದಲ ಗುಂಡು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಮದ್ದು ಸುರಿದಿರಿ, ಕಾಗದದ ಉಂಡೆ ತುರುಕಿ ಅದುಮಿದಿರಿ, ಕೇಪು ಇಟ್ಟಿರಿ. ನಾನು ಎರಡೂ ಕಿವಿಗೆ ಬೆರಳಿಟ್ಟುಕೊಂಡಿದ್ದೆ. ಆದರೂ ಆ ಸದ್ದು ಎದೆಗೆ ಬಂದು ಬಡಿಯಿತು. ಬೇರೆಯವರ ರೈಫಲ್ಲುಗಳ ಚಟ್ ಚಟ್ ಅಲ್ಲ, ದೊಡ್ಡ ಕದ ಮುಚ್ಚಿದ ಹಾಗೆ ದಪ್ಪನೆಯ ಸದ್ದು. ಬಿಳಿ ಹೊಗೆ ನಿಮ್ಮನ್ನು ಪೂರ್ತಿ ಮುಚ್ಚಿತು. ಹೊಗೆ ಸರಿದಾಗ ನೀವು ಕೋವಿ ಇಳಿಸಿರಲಿಲ್ಲ. ಗುಡ್ಡದಿಂದ ಪ್ರತಿಧ್ವನಿ ವಾಪಸ್ ಬರುವುದನ್ನು ಕೇಳುತ್ತ ನಿಂತಿದ್ದಿರಿ, ಕೆನ್ನೆ ಒದ್ದೆಯಾಗಿತ್ತು. "ಹೀಗಾ ಅದು…" ಎಂದಿರಿ. "ಹೀಗೆ ಮಾತಾಡ್ತಿತ್ತಾ…" ಐನ್‌ಮನೆಯ ಅಸಲಿ ಕೋವಿ ನೀವು ಬದುಕಿದ್ದಷ್ಟು ದಿನವೂ ನಿಮಗೆ ಕೊಡದಿದ್ದನ್ನು ಇಟಲಿಯ ಈ ನಕಲು ಒಂದು ಮಧ್ಯಾಹ್ನದಲ್ಲಿ ಕೊಟ್ಟಿತು. ಇದಕ್ಕಿಂತ ಇನ್ನೇನು ಬೇಕು ಒಂದು ಕೋವಿಯಿಂದ?

ನೀವು ಹೋದ ದಿನದ ಬಗ್ಗೆ ನಿಮಗೆ ಗೊತ್ತಿಲ್ಲ, ಹೇಳುತ್ತೇನೆ. ಆಸ್ಪತ್ರೆಯಿಂದ ಬಂದು ನಿಮ್ಮ ಮಗ ಫೋನಿನ ಮುಂದೆ ಕೂತ. ಸಾವು ಬಂದ ಮನೆಯಿಂದ ಎರಡು ಗುಂಡು ಹೊಡೆದು ಊರಿಗೆ ತಿಳಿಸುವುದು ನಿಮ್ಮ ಪದ್ಧತಿ. ಡಂಬಾರ್ಟನ್ ಸೇತುವೆಯ ಈಚೆ, ನೆವಾರ್ಕ್‌ನ ನಮ್ಮ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಹೊಡೆದರೆ ಪೊಲೀಸರು ಬರುತ್ತಾರೆ. ಬೆಳ್ಳಿಯಪ್ಪನವರು, "ಬಿಡಿ, ಇದು ಅಮೆರಿಕ. ಅದೂ ಆ ಕೋವಿಯಲ್ಲಿ ಬೇಡವೇ ಬೇಡ. ಫೋನು ಇದೆಯಲ್ಲ" ಎಂದರು. ನಿಮ್ಮ ಮಗನೂ ಸರಿ ಎಂದ. ನಾನು ಕ್ಲಾಸೆಟ್ಟಿನ ಬಾಗಿಲು ತೆಗೆದೆ.

"ಎಲ್ಲಿಗೆ?" ಎಂದ.

"ರೇಂಜಿಗೆ. ನೀವು ಬರ್ರಿ, ಬಿಡ್ರಿ. ಸುಬೇದಾರರು ಫೋನಿನ್ಯಾಗ ಹೋಗೂ ಮನಶ್ಯಾ ಅಲ್ಲ" ಎಂದೆ.

ಹ್ಯಾಂಕ್ ನನ್ನ ಮುಖ ನೋಡಿಯೇ ಮೈದಾನ ಖಾಲಿ ಮಾಡಿಸಿದ. ಎರಡು ಗುಂಡು ಒಂದರ ಹಿಂದೆ ಒಂದು ಹೋಗಬೇಕು, ನಮ್ಮದನ್ನು ಮತ್ತೆ ತುಂಬಲು ಹೊತ್ತು ಹಿಡಿಯುತ್ತದೆ. ಅವನು ತನ್ನದನ್ನು ತಂದುಕೊಟ್ಟ, ಅದೂ ಹೊಸದಾಗಿ ಮಾಡಿದ ಹಳೆಯದೇ. ಎರಡಕ್ಕೂ ಬರೀ ಮದ್ದು ತುಂಬಿದೆವು. ನಾನು ನಮ್ಮ ಕೋವಿಯನ್ನು ಆಕಾಶಕ್ಕೆ ಎತ್ತಿ ಹೊಡೆದೆ. ಭುಜ ಕಿತ್ತುಹೋದ ಹಾಗಾಯಿತು. ಇನ್ನೊಂದನ್ನು ತೆಗೆದುಕೊಳ್ಳಲು ತಿರುಗಿದರೆ ಅದು ನಿಮ್ಮ ಮಗನ ಕೈಯಲ್ಲಿತ್ತು. ನನ್ನ ಹಿಂದೆಯೇ ಡ್ರೈವ್ ಮಾಡಿಕೊಂಡು ಬಂದಿದ್ದ, ಆಫೀಸಿನ ಬ್ಯಾಡ್ಜು ಇನ್ನೂ ಜೇಬಿನಲ್ಲೇ ನೇತಾಡುತ್ತಿತ್ತು. ಎರಡನೆಯದನ್ನು ಅವನೇ ಹೊಡೆದ. ಆಮೇಲೆ ಕೋವಿ ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಆಗಲೇ ಮೊದಲು. ಆಟದ ಸಾಮಾನು ಎಂಬ ಮಾತು ಅವನ ಬಾಯಲ್ಲಿ ಮತ್ತೆ ಬಂದಿಲ್ಲ.

ಈಗ ಸುದ್ದಿ. ನಮಗೆ ಮಕ್ಕಳಾಗದೆ ಎಷ್ಟೋ ವರ್ಷ ಕಳೆದರೂ ನೀವು ಒಂದು ದಿನವೂ ಕೇಳಲಿಲ್ಲ, ಕೇಳಿದವರ ಬಾಯಿ ಮುಚ್ಚಿಸಿದಿರಿ. ನೀವು ಹೋದ ಮೇಲೆ, ನಾವೂ ಆಸೆ ಬಿಟ್ಟ ಮೇಲೆ, ಈ ವಸಂತದಲ್ಲಿ ನಾನು ಹೆತ್ತೆ. ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ನಿಮ್ಮ ಮಗನನ್ನು ಕೇಳಿದೆ: "ಗುಂಡು ಯಾವಾಗ ಹೊಡ್ಯೂದ್ರಿ?" ಅವನು ತೊಟ್ಟಿಲ ಕಡೆ ನೋಡಿದ. ಗಂಡು ಹುಟ್ಟಿದರೆ ಮಾತ್ರ ಕೊಡವರ ಮನೆಯಿಂದ ಒಂದು ಗುಂಡು ಹೋಗುತ್ತದೆ, ಅವನಿಗೂ ಗೊತ್ತು, ನನಗೂ ಗೊತ್ತು. ತೊಟ್ಟಿಲಲ್ಲಿದ್ದದ್ದು ಹೆಣ್ಣು. "ನಮ್ಮಲ್ಲಿ ಹಾಗೆ ಇಲ್ಲ" ಎಂದ. "ಆ ಕೋವಿಗೂ ಹಂಗ ಇಲ್ಲ, ಅದು ಹೊಸಾದು. ಯಾರಿಗೆ ಹೊಡೀಬೇಕು, ಯಾರಿಗೆ ಬ್ಯಾಡ ಅಂತ ಅದಕ್ಕ ಇನ್ನೂ ಯಾರೂ ಕಲಿಸಿಲ್ಲ" ಎಂದೆ. ಅವನು ಕಾರಿನ ಕೀಲಿ ತೆಗೆದುಕೊಂಡ.

ಬಾಣಂತಿ ಹೊರಗೆ ಹೋಗಬಾರದು ಎಂದು ಅವ್ವ ಧಾರವಾಡದಿಂದ ಏರೋಗ್ರಾಮ್ ಬರೆದಿದ್ದಳು. ಕಿವಿಗೆ ಸ್ಕಾರ್ಫು ಬಿಗಿದುಕೊಂಡು ಹೋದೆ. ಮಗುವನ್ನು ಹ್ಯಾಂಕ್‌ನ ಹೆಂಡತಿ ದೂರದ ಆಫೀಸು ಕೋಣೆಯಲ್ಲಿ, ಕಿವಿಯ ಮೇಲೆ ಮೆತ್ತನೆಯ ಟೊಪ್ಪಿಗೆ ಎಳೆದು ಎತ್ತಿಕೊಂಡು ಕೂತಿದ್ದಳು. ನಿಮ್ಮ ಮಗ ಮದ್ದು ತುಂಬಿ ಕೊಟ್ಟ, ಗಜ ತಳ ಮುಟ್ಟಿತೇ ಎಂದು ನೋಡಿದ. ನಾನು ಹೊಡೆದೆ. ಒಂದೇ. ಹೊಗೆ, ಪ್ರತಿಧ್ವನಿ, ಎಲ್ಲ ಅದೇ. ಸಂಜೆ ಅವನೇ ಎಲ್ಲರಿಗೂ ಫೋನ್ ಮಾಡಿ, "ನಮ್ಮ ಮನೆಯಲ್ಲಿ ಒಂದು ಗುಂಡು ಹೊಡೆದೆವು" ಎಂದಷ್ಟೇ ಹೇಳಿದ. ಒಂದು ಗುಂಡು ಎಂದರೆ ಕೊಡವರಿಗೆ ಬೇರೆ ಅರ್ಥವಿಲ್ಲವಲ್ಲ? ಎಲ್ಲರೂ ಗಂಡೆಂದುಕೊಂಡು ಖುಷಿಪಟ್ಟರು. ಬೆಳ್ಳಿಯಪ್ಪನವರು ನನ್ನ ಕೈಗೆ ಫೋನ್ ಕೊಡಿಸಿ, "ಭೇಷ್ ಗಿರಿಜಾ! ಮುತ್ತಣ್ಣನೇ ವಾಪಸ್ ಬಂದ. ಹೆಸರೇನಿಟ್ರಿ ಹುಡುಗನಿಗೆ?" ಎಂದು ಕೇಳಿದರು.

"ಮುತ್ತವ್ವ" ಎಂದೆ.

ಕೋವಿ ನಕಲಿ ಎಂದು ಅವರಿಗೆ ಮತ್ತೆ ನೆನಪಾದದ್ದು ಆ ಫೋನಿನ ನಂತರ. ಇರಲಿ. ಸೆಪ್ಟೆಂಬರಿಗೆ ನಾವು ಸನ್ನಿವೇಲ್‌ಗೆ ಹೋಗುತ್ತೇವೆ, ಕೋವಿಯೂ ಬರುತ್ತದೆ. ಅವರ ಸಾಲಿನಲ್ಲಿ ಜಾಗ ಸಿಕ್ಕಿದರೆ ಅಲ್ಲಿ, ಸಿಗದಿದ್ದರೆ ಅವರ ಮನೆಯ ಮುಂಬಾಗಿಲಲ್ಲಿ ಹಿತ್ತಾಳೆಯ ದೀಪ ಹಚ್ಚಿ ನಮ್ಮದೇ ಇನ್ನೊಂದು ಸಾಲು. ನಿಮ್ಮ ಮಗ ಆಗಲೇ ಆಫೀಸಿಗೆ ರಜೆ ಹಾಕಿದ್ದಾನೆ, ನಂಬುತ್ತೀರಾ? ಕೋವಿಯನ್ನು ಮನೆಯವರ ಕೈಗೆ ಕೊಡುವ ಹೊತ್ತಿಗೆ ಹಿರಿಯ ಗಂಡಸು ಯಾರು ಎಂದು ಯಾರೂ ಹುಡುಕುವುದು ಬೇಡ. ನಾನು ಮಗಳನ್ನು ಎತ್ತಿಕೊಂಡು ಕೂರುತ್ತೇನೆ, ಅವಳ ಎರಡೂ ಅಂಗೈಯನ್ನು ಆ ಮರದ ಮೇಲೆ ಇಡುತ್ತೇನೆ, ಎಲ್ಲರೂ ನೋಡುತ್ತಿರುವಾಗಲೇ ಇಡುತ್ತೇನೆ. ತಣ್ಣಗಿದೆ ಎಂದು ಅತ್ತರೆ ಅಳಲಿ. ನಿಮಗೆ ಮೊಮ್ಮಗಳು ಹುಟ್ಟಿದ್ದಾಳೆ, ಮಾವನವರೇ. ಗುಂಡು ಹೊಡೆದಿದ್ದೇವೆ.

ನಿಮ್ಮ ಸೊಸೆ,
ಗಿರಿಜಾ